ಕಣಕಾಲು ಉಳುಕಿದ್ರ ಮೊದಲ ದಿನದಿಂದ ಮತ್ತ ಓಡೋತನಕ ಏನೇನ್ ಮಾಡಬೇಕು

ಕಣಕಾಲು ಉಳುಕ್ಲಿಕ್ಕ ನಮ್ಮ ಕಡಿ ಹೊತ್ತು ಗೊತ್ತು ಏನಿಲ್ಲ. ಬ್ಯಾಸಗಿಯಾಗ ಎರಿ ಹೊಲದ ಬಿರುಕಿನಾಗ ಕಾಲು ಸಿಗ್ತದ, ಮಳಿಗಾಲದಾಗ ಅಂಗಳದ ಶಹಾಬಾದ್ ಫರಸಿ ಮ್ಯಾಲ ಜಾರ್ತದ, ಹುಡುಗ್ರಿಗಿ ಕಬಡ್ಡಿ ಖೋ ಖೋ ಆಡುವಾಗ ಆಗ್ತದ, ವಯಸ್ಸಾದವ್ರಿಗಿ ಬಸ್ ಇಳಿಯುವಾಗ. ಕಲಬುರಗಿಯಾಗ ಫಿಸಿಯೋಥೆರಪಿ ಕೆಲಸ ಮಾಡ್ತೀನಿ, ಇಂಥ ಕಾಲು ದಿನಾ ನೋಡ್ತೀನಿ, ಅದಕ್ಕ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಬಾವು ಇಳೀತು, ನೋವು ಹೋಯ್ತು ಅಂತ ಕಾಲು ಆರಾಮ ಆಯ್ತು ಅಂದ್ಕೋಬ್ಯಾಡ್ರಿ. ಸಾದಾ ಉಳುಕಿನ ನೋವು ಎರಡು ಮೂರು ವಾರದಾಗ ಹೋಗ್ತದ, ಒಳಗ ಎಲುಬು ಕಟ್ಟಿ ಹಿಡಿಯೋ ಲಿಗಮೆಂಟ್ ಕೂಡಿ ಗಟ್ಟಿ ಆಗ್ಲಿಕ್ಕ ತಿಂಗಳುಗಟ್ಟಲೆ ಬೇಕು, ಮತ್ತ ಕಾಲಿನ ಬ್ಯಾಲೆನ್ಸ್ ತಾನಾಗೇ ಪೂರಾ ವಾಪಸ್ ಬರಂಗಿಲ್ಲ, ಅದನ್ನ ಕಲಿಸಬೇಕು. ಆ ಕಡೀ ಹಂತ ಬಿಟ್ಟವ್ರೇ ಮತ್ತ ಮತ್ತ ಅದೇ ಕಾಲು ಉಳುಕಿಸ್ಕೊಂಡು ಬರ್ತಾರ.

ಒಳಗ ಏನಾಗಿರ್ತದ

ಕಣಕಾಲಿನ ಎರಡೂ ಬಾಜು ಗುಬಟು ಎಲುಬು ಕಾಣ್ತದಲ್ಲ, ಹೊರಗಿಂದು ಸ್ವಲ್ಪ ಕೆಳಗ ಇಳಿದಿರ್ತದ. ಅಲ್ಲಿಂದ ಪಾದಕ್ಕ ಮೂರು ಲಿಗಮೆಂಟ್ ಹೋಗ್ತಾವ, ಎಲುಬಿಗಿ ಎಲುಬು ಕಟ್ಟಿ ಹಿಡಿಯೋ ಪಟ್ಟಿ ಅವು. ಪಾದ ಒಳಗ ಹೊಳ್ಳಿದಾಗ, ಅದೂ ಬೆರಳು ಕೆಳಗ ಮಾಡಿದ ಹೊತ್ತಿನಾಗ ಹೊಳ್ಳಿದ್ರ, ಮುಂದಿನ ಪಟ್ಟಿ ಮೊದಲು ಎಳೀತದ, ಮೂರರಾಗ ಅದೇ ಕಮಜೋರ. ಒಳಬಾಜು ಲಿಗಮೆಂಟ್ ಭಾಳ ಗಟ್ಟಿ, ಅದಕ್ಕೇ ಹೆಚ್ಚಿನ ಉಳುಕು ಹೊರಬಾಜೇ ಆಗೋದು.

ಡಾಕ್ಟರು ಗ್ರೇಡ್ 1, 2, 3 ಅಂತಾರ. 1 ಅಂದ್ರ ಹಗ್ಗದ ಎರಡು ಮೂರು ಎಳಿ ಬಿಚ್ಚಿದಂಗ, 2 ಅಂದ್ರ ಅರ್ಧಮರ್ಧ ಹರದದ, 3 ಅಂದ್ರ ಪೂರಾ ಹರದದ. ಮೊದಲನೇದು ಒಂದರಿಂದ ಮೂರು ವಾರ, ಎರಡನೇದು ಮೂರರಿಂದ ಆರು ವಾರ, ಮೂರನೇದಕ್ಕ ಮೂರು ತಿಂಗಳಾದ್ರೂ ಆಗಬಹುದು. ಪೂರಾ ಹರದ್ರೂ ಭಾಳ ಮಂದಿಗಿ ಆಪರೇಷನ್ ಬೇಕಾಗಂಗಿಲ್ಲ, ಸರಿಯಾಗಿ ವ್ಯಾಯಾಮ ಮಾಡಿಸಿದ್ರ ಕಾಲು ಕೆಲಸಕ್ಕ ಬರ್ತದ. ಇದನ್ನ ಕೇಳಿ ಎಷ್ಟೋ ಮಂದಿ ಉಸಿರು ಬಿಡ್ತಾರ, ಅದಕ್ಕೇ ಬರ್ದೀನಿ.

ಮೊದಲ ಕೆಲಸ: ಎಲುಬು ಮುರದಿಲ್ಲ ಅಂತ ಖಾತ್ರಿ ಮಾಡ್ಕೋರಿ

"ಬೆರಳು ಆಡಿಸ್ಲಿಕ್ಕ ಬರ್ತದ ಅಂದ್ರ ಎಲುಬು ಮುರದಿಲ್ಲ" ಅಂತ ಊರಾಗ ಹೇಳ್ತಾರ, ಅದು ತಪ್ಪು. ಎಲುಬು ಮುರದ್ರೂ ಬೆರಳು ಆಡ್ತಾವ. ಡಾಕ್ಟರು ನೋಡೋ ರೀತಿ ಬ್ಯಾರೆ ಅದ, ಕೆನಡಾದ ಒಟ್ಟಾವಾದಾಗ 1992ರಾಗ ಮಾಡಿದ ನಿಯಮ, ಇವತ್ತಿಗೂ ದುನಿಯಾದಾಗೆಲ್ಲ ಅದನ್ನೇ ಬಳಸ್ತಾರ. ಮನ್ಯಾಗೂ ಅದರ ಅಂದಾಜು ತಗೋಬಹುದು.

ಹೊರಗಿನ ಗುಬಟು ಎಲುಬಿನ ತುದಿ ಮತ್ತ ಅದರ ಹಿಂದಿನ ಅಂಚು, ಮ್ಯಾಲ ಸುಮಾರು 6 ಸೆಂಟಿಮೀಟರ್ ತನಕ, ಬೆರಳಿನಿಂದ ಒತ್ತಿ ನೋಡ್ರಿ. ಒಳಗಿನ ಗುಬಟಿಗೂ ಹಂಗೇ. ಆಮ್ಯಾಲ ಪಾದದ ಹೊರ ಅಂಚಿನಾಗ, ಕಿರಿಬೆರಳಿನಿಂದ ಹಿಂದಕ್ಕ ಬಂದ್ರ ನಡುಮಧ್ಯ ಒಂದು ಉಬ್ಬು ಸಿಗ್ತದ, ಅದು ಒತ್ತಿ ನೋಡ್ರಿ. ಕಡೀಗಿ ಪಾದದ ಒಳಬಾಜು, ಕಮಾನಿನ ಮ್ಯಾಲಿನ ಎಲುಬು. ಈ ಜಾಗದಾಗ ಎಲುಬಿನ ಮ್ಯಾಲೇ ಒತ್ತಿದಾಗ ನೋವಾದ್ರ, ಇಲ್ಲಾ ಬಿದ್ದ ಕೂಡ್ಲೇ ಮತ್ತ ಈಗ ಎರಡೂ ಹೊತ್ತು ನಾಲ್ಕು ಹೆಜ್ಜಿ ಇಡ್ಲಿಕ್ಕ ಆಗಲಿಲ್ಲ ಅಂದ್ರ, ಎಕ್ಸ್‌ರೇ ಬೇಕೇ ಬೇಕು. ಕುಂಟಿಕೋಂತ ನಡದ್ರೂ ಹೆಜ್ಜಿ ಇಟ್ಟಂಗೇ ಲೆಕ್ಕ. ಕಲಬುರಗಿಯಾಗ ಜಿಮ್ಸ್, ಬೀದರದಾಗ ಬ್ರಿಮ್ಸ್, ಯಾದಗಿರಿಯಾಗ ಯಿಮ್ಸ್ ಅವ, ಸರ್ಕಾರಿ ದವಾಖಾನಿ, ಖರ್ಚಿಗಿ ಅಂಜಿ ಮನ್ಯಾಗ ಕುಂಡ್ರಬ್ಯಾಡ್ರಿ.

ಈ ಪರೀಕ್ಷೆ ಎಲ್ಲರಿಗೂ ನಡೆಯಂಗಿಲ್ಲ. ಶುಗರ್ ಇದ್ದು ಪಾದ ಜೋಮು ಹಿಡಿದವ್ರಿಗಿ ನೋವೇ ಸರಿಯಾಗಿ ಗೊತ್ತಾಗಂಗಿಲ್ಲ, ಸಣ್ಣ ಮಕ್ಕಳಿಗಿ ಹೇಳ್ಲಿಕ್ಕ ಬರಂಗಿಲ್ಲ ಮತ್ತ ಬೆಳಿಯೋ ಎಲುಬಿನ ತುದಿಗಿ ಪೆಟ್ಟು ಬಿದ್ದಿರಬಹುದು, ವಯಸ್ಸಾದ ಹೆಣ್ಮಕ್ಕಳ ಎಲುಬು ಟೊಳ್ಳಾಗಿರ್ತದ. ಇವರಿಗೆಲ್ಲ ಒಂದು ಸಲ ಡಾಕ್ಟರ್ ಕಡಿ ತೋರಸೋದೇ ಒಳ್ಳೇದು. ಪಾದ ಸೊಟ್ಟ ಕಂಡ್ರ, ಬೆರಳು ತಣ್ಣಗಾಗಿ ನೀಲಿ ಆದ್ರ, ಚರ್ಮ ಹರದು ಎಲುಬು ಕಂಡ್ರ ಯಾವ ಪರೀಕ್ಷೆನೂ ಬ್ಯಾಡ, ಸೀದಾ ಕ್ಯಾಜುವಾಲ್ಟಿಗಿ ಹೋಗ್ರಿ. ಹಿಮ್ಮಡದ ಹಿಂದ ಯಾರೋ ಒದ್ದಂಗ ಆಗಿ ಟಪ್ ಅಂತ ಸಪ್ಪಳ ಬಂದಿತ್ತು ಅಂದ್ರ ಅದು ಉಳುಕು ಅಲ್ಲ, ಮೀನಖಂಡವನ್ನ ಹಿಮ್ಮಡಕ್ಕ ಕಟ್ಟಿದ ದಪ್ಪ ನರ ಹರದಿರಬಹುದು, ಅದೂ ಅವತ್ತೇ ತೋರಸೋ ಕೇಸು.

ಮೊದಲ ಮೂರು ದಿನ

ಕಾಲು ಎತ್ತರಕ್ಕ ಇಡ್ರಿ. ಕುರ್ಚಿ ಮ್ಯಾಲ ಕುಂತು ಕಾಲು ಮುಂದಿನ ಸ್ಟೂಲಿನ ಮ್ಯಾಲ ಇಟ್ರ ಸಾಲಂಗಿಲ್ಲ, ಪಾದ ಎದಿಗಿಂತ ಮ್ಯಾಲ ಬರಬೇಕು, ಅಂದ್ರ ಮಲಕೊಂಡು ಕೆಳಗ ಎರಡು ತಲಿದಿಂಬು ಇಟ್ಕೋಬೇಕು. ಬಾವು ಇಳಿಸ್ಲಿಕ್ಕ ಇದು ಭಾಳ ಉಪಯೋಗ, ಆದ್ರ ಮಂದಿ ಇದನ್ನೇ ಮಾಡಂಗಿಲ್ಲ.

ಬರ್ಫ 15 ನಿಮಿಷ, 20ರ ಮ್ಯಾಲ ಬ್ಯಾಡ, ಎರಡು ಮೂರು ತಾಸಿಗೊಮ್ಮೆ. ಚರ್ಮದ ಮ್ಯಾಲ ಸೀದಾ ಇಡಬ್ಯಾಡ್ರಿ, ಒದ್ದಿ ಟಾವೆಲಿನಾಗ ಸುತ್ತಿ ಇಡ್ರಿ. ಫ್ರಿಜ್ ಇಲ್ಲದ ಮನ್ಯಾಗ ಗಡಗಿ ನೀರಾಗ ಅದ್ದಿದ ಬಟ್ಟಿ ಸುತ್ತಿ ಬದಲಾಯಿಸ್ಕೋಂತ ಇದ್ರೂ ನೋವಿಗಿ ಸ್ವಲ್ಪ ಹಾಯ್ ಅನಸ್ತದ. 1978ರಾಗ ಗೇಬ್ ಮಿರ್ಕಿನ್ ಅನ್ನೋ ಅಮೆರಿಕದ ಡಾಕ್ಟರು ಆರಾಮ, ಬರ್ಫ, ಪಟ್ಟಿ, ಎತ್ತರ ಅಂತ ನಾಲ್ಕು ಮಾತಿನ ಸೂತ್ರ ಕೊಟ್ಟಿದ್ರು, ಆಮ್ಯಾಲ ಅವ್ರೇ ಬರ್ಫ ಮತ್ತ ಪೂರಾ ಆರಾಮ ಎರಡೂ ಗಾಯ ಮಾಯೋದನ್ನ ತಡ ಮಾಡಬಹುದು ಅಂತ ಹೇಳಿದ್ರು. ಅದಕ್ಕ ನನ್ನ ಲೆಕ್ಕದಾಗ ಬರ್ಫ ನೋವು ಕಡಿಮಿ ಮಾಡ್ಲಿಕ್ಕ, ಗಾಯ ಮಾಯಸ್ಲಿಕ್ಕ ಅಲ್ಲ. ಎರಡು ಮೂರು ದಿನ ಸಾಕು.

ಕ್ರೇಪ್ ಬ್ಯಾಂಡೇಜ್ ಸುತ್ತೋದು ಬೆರಳಿನ ಬುಡದಿಂದ ಶುರು ಮಾಡ್ರಿ, ಪಾದ ಸುತ್ತಿ, ಕಣಕಾಲಿಗಿ ಇಂಗ್ಲಿಷ್ ಎಂಟರ ಹಂಗ ಅಡ್ಡಡ್ಡ ಹಾಕಿ, ಹಿಮ್ಮಡ ಬಿಡದಂಗ, ಮ್ಯಾಲ ನಾಲ್ಕು ಬೆರಳಿನಷ್ಟು ಬರಲಿ, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಲಿ. ಬರೇ ಕಣಕಾಲಿಗಿ ಮಾತ್ರ ಬಿಗಿಯಾಗಿ ಸುತ್ತಿದ್ರ ಪಾದ ಬಾತು ಗುಂಡಗಾಗ್ತದ. ಬೆರಳಿನ ಉಗುರು ಒತ್ತಿ ಬಿಡ್ರಿ, ಬಿಳಿ ಆಗಿದ್ದು ಕೂಡ್ಲೇ ಕೆಂಪಾಗಬೇಕು, ತಡ ಆದ್ರ ಇಲ್ಲಾ ಜೋಮು ಬಂದ್ರ ಬಿಚ್ಚಿ ಸಡ್ಲ ಸುತ್ರಿ. ರಾತ್ರಿ ಮಲಗುವಾಗ ಬಿಚ್ಚಿ ಇಡ್ರಿ.

ನೋವಿಗಿ ಪ್ಯಾರಾಸಿಟಮಾಲ್ ನಡೀತದ. ಮೆಡಿಕಲ್ ಅಂಗಡಿಯಾಗ ಕೇಳಿದ ಕೂಡ್ಲೇ ಕೊಡೋ ಡೈಕ್ಲೋಫೆನಾಕ್‌ನಂಥ ಗುಳಗಿ ಕಿಡ್ನಿ, ಬಿಪಿ, ಹೊಟ್ಟಿ ಹುಣ್ಣು ಇದ್ದವ್ರು ಡಾಕ್ಟರಿಗಿ ಕೇಳದೇ ತಗೋಬ್ಯಾಡ್ರಿ.

ಇನ್ನ ತಿಕ್ಕಿಸೋದು. ಇದರ ಬಗ್ಗೆ ಕೈ ಮುಗಿದು ಹೇಳ್ತೀನಿ, ಮೊದಲ ಮೂರು ನಾಲ್ಕು ದಿನ ಎಣ್ಣಿ ಹಚ್ಚಿ ಜೋರು ತಿಕ್ಕಿಸೋದು, ಉಳುಕು ತೆಗಸ್ತೀವಿ ಅಂತ ಬೆರಳು ಹಿಡಿದು ಜಗ್ಗಿಸೋದು, ಬಿಸಿ ಇಟ್ಟಂಗಿ ಕಾಯಿಸೋದು ಬ್ಯಾಡ್ರಿ. ಒಳಗ ಸಣ್ಣ ರಕ್ತನಾಳ ಹರದಿರ್ತಾವ, ಬಿಸಿ ಮತ್ತ ತಿಕ್ಕಾಟ ಎರಡೂ ರಕ್ತ ಜಾಸ್ತಿ ಸೋರಸ್ತಾವ. ಎಲುಬಿಗಿ ಕೂದಲೆಳಿಯಷ್ಟು ಸೀಳು ಇದ್ದಾಗ ಜಗ್ಗಿಸಿದ್ರ ಜಾಗದಾಗ ಇದ್ದ ಎಲುಬು ಸರೀತದ. ನಮ್ಮ ಹಿರ್ಯಾರು ಪ್ರೀತಿಲೇ ಮಾಡ್ತಾರ, ಅವ್ರ ಮ್ಯಾಲ ಸಿಟ್ಟಿಲ್ಲ, ಆದ್ರ "ಅಜ್ಜಿ, ನಾಲ್ಕು ದಿನ ತಡೀರಿ" ಅಂತ ಹೇಳ್ರಿ. ಅರಿಶಿಣದ ಲೇಪ ಹಗುರಕ್ಕ ಹಚ್ಚಿದ್ರ ತೊಂದರಿ ಇಲ್ಲ, ಚರ್ಮ ಹರದಿದ್ರ ಅದೂ ಬ್ಯಾಡ.

ಮೂರನೇ ನಾಲ್ಕನೇ ದಿನದಿಂದ: ಕಾಲು ಆಡಿಸೋದು

ಮೊದಲು ಆಡಿಸ್ಲಿಕ್ಕ ಅಂಜಿಕಿ ಇರ್ತದ, ಅದು ಸಹಜ. ಆದ್ರ ಎಲುಬು ಮುರಿಯದ ಸಾದಾ ಉಳುಕಿಗಿ ತಿಂಗಳುಗಟ್ಟಲೆ ಮಂಚ ಹಿಡಿದು ಮಲಗಿದ್ರ ಕೀಲು ಬಿಗೀತದ, ಮೀನಖಂಡ ಸೊರಗ್ತದ. ಲಿಗಮೆಂಟಿನ ಹೊಸ ಎಳಿ ಹೆಣಿಕಿ ಆಗುವಾಗ ಹಗುರ ಎಳೆತ ಬಿದ್ರೇನೇ ಅವು ಸರಿಯಾದ ದಿಕ್ಕಿಗಿ ಕೂಡ್ತಾವ.

ನೋವಿಗಿ 0ಯಿಂದ 10ರ ಅಳತಿ ಮನಸಿನಾಗ ಇಟ್ಕೋರಿ. ವ್ಯಾಯಾಮದಾಗ 3ರ ತನಕ ನೋವು ನಡೀತದ, ಅದಕ್ಕೂ ಮ್ಯಾಲ ಹೋದ್ರ ಕಡಿಮಿ ಮಾಡ್ರಿ. ಮರುದಿನ ಮುಂಜಾನೆ ಬಾವು ಏರಿತ್ತಂದ್ರ ನಿನ್ನಿ ಜಾಸ್ತಿ ಆಗ್ಯದ ಅಂತ ತಿಳ್ಕೋರಿ.

ಮಲಕೊಂಡು ಪಾದ ಮ್ಯಾಲ ಎಳಕೊಂಡು ಕೆಳಗ ಚಾಚೋದು, 20 ಸಲ, ದಿನಕ್ಕ ನಾಲ್ಕೈದು ಹೊತ್ತು. ಇದು ಬಾವನ್ನ ಮ್ಯಾಲ ಪಂಪ್ ಮಾಡ್ತದ. ಆಮ್ಯಾಲ ಹೆಬ್ಬೆರಳಿನಿಂದ ಗಾಳ್ಯಾಗ ಅ ಆ ಇ ಈ ಬರೀರಿ, ಮೊಣಕಾಲು ಅಲುಗಾಡಸದೇ ಬರೇ ಕಣಕಾಲಿನಿಂದ, ಮಕ್ಕಳು ಇದನ್ನ ಖುಷಿಲೇ ಮಾಡ್ತಾವ. ಕಾಲು ಚಾಚಿ ಕುಂತು ಪಾದದ ಮುಂಗಾಲಿಗಿ ಟಾವೆಲ್ ಹಾಕಿ ಎರಡೂ ಕೈಲೇ ತನ್ನ ಕಡಿ ಎಳಕೋರಿ, 30 ಸೆಕೆಂಡ್ ಹಿಡೀರಿ, ಮೂರು ಸಲ. ಒಮ್ಮೆ ಮೊಣಕಾಲು ಸೀದಾ ಇಟ್ಟು, ಒಮ್ಮೆ ಸ್ವಲ್ಪ ಮಡಚಿ, ಯಾಕಂದ್ರ ಮೀನಖಂಡದಾಗ ಎರಡು ಸ್ನಾಯು ಅವ, ಮೊಣಕಾಲು ಮಡಚಿದ್ರೇನೇ ಒಳಗಿಂದು ಸರಿಯಾಗಿ ಎಳೀತದ.

ಕುಂಡ್ರೋ ರೀತಿ ಬಗ್ಗೆ ಯಾರೂ ಹೇಳಂಗಿಲ್ಲ, ನಮ್ಮ ಮನಿಗೋಳಿಗಿ ಇದು ಮುಖ್ಯ. ಚಕ್ಕಳಮಕ್ಕಳ ಹಾಕಿ ಕುಂತ್ರ ಪಾದ ಒಳಗ ಮಡಚಿ ಹೊರಗಿನ ಲಿಗಮೆಂಟ್ ಎಳಕೊಂಡೇ ಇರ್ತದ. ನಮಾಜಿನಾಗ ಇಲ್ಲಾ ವಜ್ರಾಸನದಾಗ ಕಾಲ ಮ್ಯಾಲ ಕುಂತ್ರ ಅದೇ ಮುಂದಿನ ಪಟ್ಟಿ ಮ್ಯಾಲ ಭಾರ ಬೀಳ್ತದ. ಒಂದೆರಡು ವಾರ ಊಟಕ್ಕ, ಪೂಜಿಗಿ, ನಮಾಜಿಗಿ ಕುರ್ಚಿ ಬಳಸ್ರಿ. ದೇಸಿ ಪಾಯಖಾನಿ ಇದ್ರ ಮ್ಯಾಲ ಇಡೋ ಸ್ಟೂಲ್ ಸಿಗ್ತದ, ಅದು ತರಸ್ರಿ.

ನಡಿಗಿ

ನೋವು ಇದ್ದಾಗ ಕೋಲು ಹಿಡೀರಿ, ಆದ್ರ ಪೆಟ್ಟು ಬಿದ್ದ ಕಾಲಿನ ಎದುರು ಕೈಯಾಗ. ಬಲಗಾಲು ಉಳುಕಿದ್ರ ಕೋಲು ಎಡಗೈಯಾಗ, ಕೋಲು ಮತ್ತ ನೋವಿನ ಕಾಲು ಸಂಗಾಟ ಮುಂದ ಹೋಗಲಿ. ಮೆಟ್ಟಲ ಹತ್ತುವಾಗ ಚೊಲೋ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಕುಂಟೋದನ್ನ ರೂಢಿ ಮಾಡ್ಕೋಬ್ಯಾಡ್ರಿ. ಹಿಮ್ಮಡ ಮೊದಲು ಊರಿ, ಪಾದ ಉರುಳಿಸಿ, ಹೆಬ್ಬೆರಳಿನಿಂದ ನೆಲ ದೂಡಿ ಮುಂದ ಹೋಗಬೇಕು, ಹಂಗ ಆಗಲಿಲ್ಲಂದ್ರ ಕೋಲು ಇನ್ನೂ ಬಿಡಬ್ಯಾಡ್ರಿ ಮತ್ತ ಹೆಜ್ಜಿ ಸಣ್ಣದು ಮಾಡ್ರಿ. ಮೊದಲು ಮನ್ಯಾಗ, ಆಮ್ಯಾಲ ಸಪಾಟ ಜಾಗದಾಗ. ಕಲಬುರಗಿಯವ್ರಿಗಿ ಅಪ್ಪನ ಕೆರಿ ಸುತ್ತಿನ ವಾಕಿಂಗ್ ಜಾಗ ಚೊಲೋ ಅದ, ಮುಂಜಾನೆ ಬಿಸಿಲು ಏರೋದ್ರೊಳಗ ಹೋಗ್ರಿ. ಚಪ್ಪಲಿ ಬ್ಯಾಡ, ಹಿಮ್ಮಡ ಹಿಡಿಯೋ ಬೂಟು ಹಾಕ್ರಿ.

ಗಾಡಿ ಹೊಡಿಯೋರಿಗಿ ಒಂದು ಮಾತು. ಬೈಕಿನಾಗ ಎಡಗಾಲಿನಾಗ ಗೇರ್, ಬಲಗಾಲಿನಾಗ ಬ್ರೇಕ್ ಇರ್ತದ, ಯಾವ ಕಾಲು ಉಳುಕಿದ್ರೂ ನೋವಿಲ್ಲದೇ ಜೋರು ಒತ್ತಲಿಕ್ಕ ಬರೋತನಕ ಹೊಡಿಬ್ಯಾಡ್ರಿ, ಮತ್ತ ಸಿಗ್ನಲಿನಾಗ ಆ ಕಾಲು ಊರಿ ಗಾಡಿ ಭಾರ ತಡಿಬೇಕಾಗ್ತದ ಅನ್ನೋದು ನೆನಪಿರಲಿ.

ಶಕ್ತಿ ತರಸೋದು

ನೋವಿಲ್ಲದೇ ನಡಿಲಿಕ್ಕ ಬಂದ ಮ್ಯಾಲ, ಸಾದಾ ಉಳುಕಿನಾಗ ಎರಡನೇ ವಾರದ ಹೊತ್ತಿಗಿ, ಶಕ್ತಿ ವ್ಯಾಯಾಮ ಶುರು. ಹೊರಬಾಜು ಮೀನಖಂಡದ ಪಕ್ಕ ಪೆರೋನಿಯಲ್ ಅನ್ನೋ ಸ್ನಾಯು ಅವ, ಪಾದ ಒಳಗ ಹೊಳ್ಳುವಾಗ ಹೊರಗ ಎಳದು ಕಾಪಾಡೋವು ಅವೇ. ಮೊದಲು ಕುರ್ಚಿ ಮ್ಯಾಲ ಕುಂತು ಪಾದದ ಹೊರ ಅಂಚು ಗೋಡಿಗಿ ಒತ್ತಿ 5 ಸೆಕೆಂಡ್ ಹಿಡೀರಿ, 10 ಸಲ, ಕಾಲು ಸರಿಯಬಾರದು ಬರೇ ಜೋರು ಹಾಕಬೇಕು. ಇದು ಹಗುರ ಆದ ಮ್ಯಾಲ ಥೆರಾಬ್ಯಾಂಡ್ ಅನ್ನೋ ವ್ಯಾಯಾಮದ ರಬ್ಬರ್ ಪಟ್ಟಿ ತಗೋರಿ, ಸಿಗದಿದ್ರ ಸೈಕಲ್ ಟ್ಯೂಬ್ ಉದ್ದಕ್ಕ ಕತ್ತರಿಸಿದ ಪಟ್ಟಿನೂ ನಡೀತದ. ಒಂದು ತುದಿ ಮಂಚದ ಕಾಲಿಗಿ ಕಟ್ಟಿ ಇನ್ನೊಂದು ಪಾದಕ್ಕ ಹಾಕಿ ಹೊರಗ ಎಳೀರಿ, ವಾಪಸ್ ಬರುವಾಗ ಸಾವಕಾಶ ಬಿಡ್ರಿ. ವಾಪಸ್ ಬಿಡೋದೇ ಅಸಲಿ ವ್ಯಾಯಾಮ, ಕಾಲು ಉಳುಕುವಾಗ ಆ ಸ್ನಾಯು ಹಂಗೇ ತಡದು ಹಿಡಿಬೇಕಾಗ್ತದ. 15ರಂಗ ಎರಡು ಮೂರು ಸುತ್ತು. ಒಳಗ, ಮ್ಯಾಲ, ಕೆಳಗ ಕೂಡ ಮಾಡ್ರಿ.

ಗೋಡಿ ಹಿಡಕೊಂಡು ಎರಡೂ ಹಿಮ್ಮಡ ಎತ್ತಿ ಮುಂಗಾಲ ಮ್ಯಾಲ ನಿಂತು ಸಾವಕಾಶ ಇಳೀರಿ, 15ರಂಗ ಮೂರು ಸುತ್ತು. ಆಮ್ಯಾಲ ಎರಡೂ ಕಾಲಿನಿಂದ ಏರಿ ನೋವಿನ ಕಾಲು ಒಂದರ ಮ್ಯಾಲ ಇಳೀರಿ, ಕಡೀಗಿ ಒಂದೇ ಕಾಲಿನಿಂದ ಏರಿ ಇಳೀರಿ. ಚೊಲೋ ಕಾಲು ಎಷ್ಟು ಸಲ ಮಾಡ್ತದೋ ಇದೂ ಅಷ್ಟು ಮಾಡೋತನಕ ಬಿಡಬ್ಯಾಡ್ರಿ.

ಕೀಲು ಬಿಗಿ ಅದನೋ ಸಡ್ಲ ಅದನೋ ನೋಡ್ಲಿಕ್ಕ ಒಂದು ಸರಳ ಅಳತಿ. ಗೋಡಿ ಎದುರು ನಿಂತು ಹಿಮ್ಮಡ ಎತ್ತದೇ ಮೊಣಕಾಲು ಗೋಡಿಗಿ ಮುಟ್ಟಿಸ್ರಿ, ಮುಟ್ಟೋತನಕ ಪಾದ ಸ್ವಲ್ಪ ಸ್ವಲ್ಪ ಹಿಂದ ಸರಸ್ರಿ, ಮುಟ್ಟೋ ಕಡೀ ಜಾಗದಾಗ ಹೆಬ್ಬೆರಳಿನಿಂದ ಗೋಡಿ ಎಷ್ಟು ದೂರ ಅದ ಮಕ್ಕಳ ಸ್ಕೇಲಿಲೇ ಅಳೀರಿ. ಎರಡೂ ಕಾಲಿಗಿ ಅಳೀರಿ. ನೋವಿನ ಕಾಲು 2 ಸೆಂಟಿಮೀಟರಿಗಿಂತ ಜಾಸ್ತಿ ಕಡಿಮಿ ಇತ್ತಂದ್ರ ಟಾವೆಲ್ ಎಳೆಯೋದು, ಗೋಡಿ ಮುಂದ ಮೊಣಕಾಲು ದೂಡೋದು ಇನ್ನೂ ಮುಂದುವರಸ್ರಿ. ಈ ಬಿಗಿತ ಹಂಗೇ ಉಳದ್ರ ಕುಕ್ಕರಗಾಲಿಲೇ ಕುಂಡ್ರೋದು ಕಷ್ಟ, ಹೊಲದಾಗ ಕಳಿ ತೆಗಿಯೋ ಹೆಣ್ಮಕ್ಕಳಿಗಿ ಇದು ದಿನಾ ಬೇಕಾಗೋದು.

ಬ್ಯಾಲೆನ್ಸ್, ಎಲ್ಲರೂ ಬಿಡೋ ಹಂತ

ಲಿಗಮೆಂಟಿನಾಗ ಸಣ್ಣ ಸಣ್ಣ ನರದ ತುದಿ ಇರ್ತಾವ, ಪಾದ ಯಾವ ಕಡಿ ವಾಲ್ಯದ ಅಂತ ಮೆದುಳಿಗಿ ಸುದ್ದಿ ಮುಟ್ಟಸ್ತಾವ. ಲಿಗಮೆಂಟ್ ಹರದಾಗ ಅವಕ್ಕೂ ಪೆಟ್ಟು ಬೀಳ್ತದ. ಸುದ್ದಿ ತಡ ಆದ್ರ ಪೆರೋನಿಯಲ್ ಸ್ನಾಯು ಎಷ್ಟು ಗಟ್ಟಿ ಇದ್ರೂ ಹೊತ್ತಿಗಿ ಎಳಿಯಂಗಿಲ್ಲ, ಕಾಲು ಹೊಳ್ಳೇಬಿಡ್ತದ. "ಎಲ್ಲಾ ಆರಾಮ ಅದ ಆದ್ರ ನಂಬಿಕಿ ಬರವಲ್ದು, ಯಾವಾಗ ಹೊಳ್ತದೋ" ಅಂತಾರಲ್ಲ, ಅದರ ಮೂಲ ಇದು.

ಒಬ್ಬಾಕಿ ಕಾಲೇಜ್ ಹುಡುಗಿ, ಖೋ ಖೋ ಆಡೋಕಿ, ನೋವು ಸೊನ್ನಿ, ಬಾವು ಇಲ್ಲ, ಒಂದೇ ಕಾಲಿನ ಮ್ಯಾಲ ಹಿಮ್ಮಡ ಎತ್ತೋದು ಸಲೀಸಾಗಿ ಮಾಡಿದ್ಲು. ಬೂಟು ಬಿಚ್ಚಿಸಿ ಅದೇ ಕಾಲ ಮ್ಯಾಲ ನಿಲ್ಲಸಿದೆ, ನಿಂತ್ಲು. ಕಣ್ಣು ಮುಚ್ಚು ಅಂದೆ. ಪಾದದ ಮ್ಯಾಲಿನ ನರಗೋಳು ತಂತಿ ಹಿಡಿದಂಗ ಎದ್ದು ಪಟಪಟ ಆಡ್ಲಿಕ್ಕ ಹತ್ತಿದ್ವು, ಬೆರಳು ನೆಲ ಗಟ್ಟಿ ಹಿಡಕೊಂಡ್ವು, ನಾ ಐದು ಎಣಸೋದ್ರೊಳಗ ಇನ್ನೊಂದು ಕಾಲು ಊರಿಬಿಟ್ಲು. ಚೊಲೋ ಕಾಲಿನ ಮ್ಯಾಲ ಕಣ್ಣು ಮುಚ್ಚಿ ಆರಾಮ ನಿಂತ್ಲು. ಆಕಿಗೇ ಆಶ್ಚರ್ಯ ಆಯ್ತು. ಆ ವಾರದ ಮ್ಯಾಚಿಗಿ ಹೋಗೋದು ಬಿಟ್ಟು ಬ್ಯಾಲೆನ್ಸ್ ಹಿಡದ್ಲು, ಅದು ಆಕಿ ಮಾಡಿದ ಶಾಣೇತನ.

ಹಿಂಗ ಏರಸ್ರಿ. ಮೊದಲು ಗೋಡಿ ಹತ್ರ, ಬರಿಗಾಲಿಲೇ, ಒಂದೇ ಕಾಲ ಮ್ಯಾಲ 30 ಸೆಕೆಂಡ್, ಮೂರು ಸಲ. ಹಲ್ಲು ತಿಕ್ಕುವಾಗ ಮಾಡಿದ್ರ ಬ್ಯಾರೆ ಟೈಮ್ ತೆಗೆಯೋದು ಬ್ಯಾಡ, ಬಚ್ಚಲ ಒದ್ದಿ ಇರಬಾರದು ಅಷ್ಟೇ. ಅದು ಸಲೀಸಾದ್ರ ತಲಿ ಎಡಕ್ಕ ಬಲಕ್ಕ ತಿರುಗಿಸ್ಕೋಂತ ನಿಲ್ರಿ, ಆಮ್ಯಾಲ ಕಣ್ಣು ಮುಚ್ಚಿ. ಆಮ್ಯಾಲ ಕೌದಿ ನಾಲ್ಕು ಮಡಿಕಿ ಮಾಡಿ ಅದರ ಮ್ಯಾಲ ನಿಲ್ರಿ, ಮೆತ್ತನ್ನ ಜಾಗದಾಗ ಕಾಲಿಗಿ ಕೆಲಸ ದುಪ್ಪಟ್ಟು. ಆಮ್ಯಾಲ ಅಲ್ಲೇ ನಿಂತು ಮನಿಯವ್ರ ಜೋಡಿ ಬಾಲ್ ಒಗದು ಹಿಡೀರಿ. ಕಡೀಗಿ ಒಂದು ಕಾಲ ಮ್ಯಾಲ ನಿಂತು ಇನ್ನೊಂದು ಕಾಲಿನ ಬೆರಳಿನಿಂದ ಮುಂದ, ಹಿಂದ ಎಡಕ್ಕ, ಹಿಂದ ಬಲಕ್ಕ ಎಷ್ಟು ದೂರ ಆಗ್ತದೋ ಅಷ್ಟು ದೂರ ನೆಲ ಮುಟ್ಟಿ ವಾಪಸ್ ಬರ್ರಿ, ಸೀಮೆಸುಣ್ಣದಲೇ ಗುರ್ತು ಹಾಕಿದ್ರ ದಿನಾ ಎಷ್ಟು ಮುಂದ ಹೋಗ್ತೀರಿ ಕಾಣ್ತದ.

ದಿನಕ್ಕ 10 ನಿಮಿಷ ಸಾಕು ಆದ್ರ ಆರರಿಂದ ಎಂಟು ವಾರ ಬಿಡದೇ ಮಾಡಬೇಕು. ವಯಸ್ಸಾದವ್ರು ಎರಡೂ ಬಾಜು ಕುರ್ಚಿ ಇಟ್ಕೊಂಡೇ ಮಾಡ್ರಿ, ಕಣ್ಣು ಮುಚ್ಚೋದು ಬಿಟ್ರೂ ನಡೀತದ.

ಓಟ, ಆಟ, ಹೊಲದ ಕೆಲಸ

30 ನಿಮಿಷ ಜೋರು ನಡದ್ರೂ ನೋವಿಲ್ಲ, ಒಂದೇ ಕಾಲಿನ ಮ್ಯಾಲ ಹತ್ತು ಸಲ ಕುಪ್ಪಳಿಸಿದ್ರೂ ನೋವಿಲ್ಲ ಅಂದ್ರ ಓಟ ಶುರು ಮಾಡಬಹುದು. 4 ನಿಮಿಷ ನಡಿಗಿ, 1 ನಿಮಿಷ ಹಗುರ ಓಟ, ಹಿಂಗ ನಾಲ್ಕೈದು ಸುತ್ತು, ಒಂದು ದಿನ ಬಿಟ್ಟು ಒಂದು ದಿನ. ಎರಡು ಸಲ ಬಾವಿಲ್ಲದೇ ಆದ್ರ ಓಟ ಏರಿಸಿ ನಡಿಗಿ ಇಳಸ್ರಿ. ಸೀದಾ ಓಟ ಆದ ಮ್ಯಾಲ ದೊಡ್ಡ ಎಂಟರ ಆಕಾರದಾಗ ಓಡ್ರಿ, ಆಮ್ಯಾಲ ಎಂಟು ಸಣ್ಣದು ಮಾಡ್ರಿ, ಆಮ್ಯಾಲ ಗಕ್ಕನ ನಿಂತು ತಿರುಗೋದು, ಜಿಗದು ಒಂದೇ ಕಾಲ ಮ್ಯಾಲ ಇಳಿಯೋದು. ಕಬಡ್ಡಿಯವ್ರು ರೇಡ್ ಮಾಡೋ ಹೆಜ್ಜಿ ಒಬ್ರೇ ಮಾಡ್ರಿ, ಮೈ ಮುಟ್ಟೋ ಆಟ ಕಡೀಗಿ. ಆಟಕ್ಕ ಹೋದ ಮ್ಯಾಲ ದಾರ ಕಟ್ಟೋ ಆಂಕಲ್ ಬ್ರೇಸ್ ಹಾಕ್ರಿ, ಆರು ತಿಂಗಳಿಂದ ಒಂದು ವರ್ಷ, ಆಡುವಾಗ ಮಾತ್ರ. ಇಡೀ ದಿನ ಹಾಕ್ಕೊಂಡು ಕುಂಡ್ರೋದು ಬ್ಯಾಡ, ಕಾಲು ಅದರ ಮ್ಯಾಲೇ ಆಧಾರ ಬೀಳ್ತದ.

ಹೊಲಕ್ಕ ಹೋಗೋರು ಮೊದಲ ವಾರ ಬದುವಿನ ಮ್ಯಾಲಿನ, ಸಪಾಟ ಜಾಗದ ಕೆಲಸ ನೋಡ್ರಿ. ಮಳಿ ಬಿದ್ದ ಎರಿ ಮಣ್ಣು ಬೂಟಿಗಿ ಹತ್ತಿ ಕಾಲು ಭಾರ ಆಗ್ತದ, ಜಗ್ಗಿ ಕೀಳುವಾಗ ಕಣಕಾಲು ಹೊಳ್ತದ. ತಲಿ ಮ್ಯಾಲ ಹೊರಿ ಹೊರೋದು ಒಂದೇ ಕಾಲಿನ ಬ್ಯಾಲೆನ್ಸ್ ಸರಿ ಆದ ಮ್ಯಾಲ.

ಪ್ಲಾಸ್ಟರ್ ಬಿಚ್ಚಿದವ್ರಿಗಿ

ಎಲುಬು ಮುರದು ಆರು ವಾರದಷ್ಟು ಪ್ಲಾಸ್ಟರ್ ಇದ್ದವ್ರಿಗೂ ಹಂತ ಇವೇ, ಆದ್ರ ಎಷ್ಟು ಭಾರ ಹಾಕಬೇಕು ಅನ್ನೋದು ಎಕ್ಸ್‌ರೇ ನೋಡಿ ನಿಮ್ಮ ಎಲುಬಿನ ಡಾಕ್ಟರೇ ಹೇಳಬೇಕು. ಬಿಚ್ಚಿದ ಕೂಡ್ಲೇ ಕಾಲು ಸಣ್ಣದಾಗಿ, ಚರ್ಮ ಒಣಗಿ, ಸಂಜಿಗಿ ಬಾವು ಬರೋದು ನೋಡಿ ಮಂದಿ ಅಂಜತಾರ, ಅದು ಇರೋದೇ. ಆದ್ರ ಪ್ಲಾಸ್ಟರ್ ಇದ್ದಾಗ ಆಗಲಿ ಬಿಚ್ಚಿದ ಮ್ಯಾಲ ಆಗಲಿ ಮೀನಖಂಡ ಬಿಸಿಯಾಗಿ, ಬಿಗಿದು, ಒತ್ತಿದ್ರ ನೋವು ಬಂದ್ರ, ಇಲ್ಲಾ ದಮ್ಮು ಹತ್ತಿ ಎದಿ ನೋವು ಬಂದ್ರ ರಕ್ತ ಹೆಪ್ಪುಗಟ್ಟಿರಬಹುದು, ಒಂದು ತಾಸೂ ತಡ ಮಾಡಬ್ಯಾಡ್ರಿ, 108ಕ್ಕ ಫೋನ್ ಹಚ್ರಿ.

ಮತ್ತ ಯಾವಾಗ ತೋರಸಬೇಕು

ಐದಾರು ದಿನ ಆದ್ರೂ ಕಾಲ ಮ್ಯಾಲ ಭಾರ ಹಾಕ್ಲಿಕ್ಕ ಆಗವಲ್ದು ಅಂದ್ರ ಮೊದಲ ಎಕ್ಸ್‌ರೇ ಚೊಲೋ ಬಂದಿದ್ರೂ ಮತ್ತ ತೋರಸ್ರಿ. ನೋವು ಗುಬಟು ಎಲುಬಿನ ಮ್ಯಾಲಕ್ಕ, ಎರಡು ಎಲುಬಿನ ನಡುವ ಇತ್ತು, ಮೀನಖಂಡ ಎರಡೂ ಬಾಜು ಹಿಚುಕಿದ್ರ ಕೆಳಗ ನೋವು ಬಂತು ಅಂದ್ರ ಅದು ಮ್ಯಾಲಿನ ಲಿಗಮೆಂಟಿನ ಉಳುಕು, ಅದಕ್ಕ ಟೈಮ್ ಜಾಸ್ತಿ ಬೇಕು, ಚಿಕಿತ್ಸಾನೂ ಬ್ಯಾರೆ. ಮೂರು ತಿಂಗಳು ವ್ಯಾಯಾಮ ಬರೋಬ್ಬರಿ ಮಾಡಿದ್ರೂ ಕಾಲು ಹೊಳ್ಳೋದು ನಿಲ್ಲಲಿಲ್ಲ, ಇಲ್ಲಾ ಒಳಗ ಏನೋ ಸಿಕ್ಕಂಗ ಕಟ್ ಅಂತ ಹಿಡೀತದ ಅಂದ್ರ ಎಂಆರ್‌ಐ ಮಾಡಿಸಿ ಕೀಲಿನ ಮೃದು ಎಲುಬು ನೋಡಸಬೇಕಾಗ್ತದ. ಹೋಗುವಾಗ ಯಾವ ವ್ಯಾಯಾಮ ಎಷ್ಟು ವಾರ ಮಾಡೀರಿ, ಯಾವುದರಾಗ ನೋವು ಬರ್ತದ ಅಂತ ಒಂದು ಹಾಳ್ಯಾಗ ಬರಕೊಂಡು ಹೋಗ್ರಿ, ಹಳೇ ಎಕ್ಸ್‌ರೇ ಜೋಡಿ ಒಯ್ರಿ, ಎರಡೂ ಬೂಟು ಒಯ್ರಿ, ಅಟ್ಟಿ ಯಾವ ಬಾಜು ಸವದದ ಅನ್ನೋದು ನೋಡಿದ್ರೇ ನೀವು ಹ್ಯಾಂಗ ನಡೀತೀರಿ ಅಂತ ಭಾಳಷ್ಟು ಗೊತ್ತಾಗ್ತದ.